ಕಾರಿಗೆ ಐವತ್ತು, ಓಲೆಗೆ ಎಪ್ಪತ್ತೈದು, ಕಲ್ಲಿಗೆ ನೂರು

ಒಂದು ಸಾಮಾನಿಗೆ ಎಷ್ಟು ವರ್ಷ ಆದ್ರೆ ಅದು "ಹಳೇ ಸಾಮಾನು" ಅನ್ನಿಸ್ಕಳದು ಬಿಟ್ಟು "ಚರಿತ್ರೆ" ಆಗುತ್ತೆ? ಮನೆ ಒಳಗೆ ಇದಕ್ಕೊಂದು ಲೆಕ್ಕ ಇಲ್ಲ. ಜಾಗ ಸಾಲದೇ ಇದ್ರೆ ಮೂರು ವರ್ಷದ ಕುರ್ಚಿನೂ ಗುಜರಿ ಗಾಡಿ ಹತ್ತುತ್ತೆ. ಜಾಗ ಇದ್ರೆ ಅತ್ತೆ ಕಾಲದ ತಾಮ್ರದ ಹಂಡೆ ಬಚ್ಚಲಲ್ಲೇ ಕೂತಿರುತ್ತೆ. ಸರ್ಕಾರದ ಹತ್ರ ಮಾತ್ರ ಲೆಕ್ಕ ಇದೆ. ಕಾರಿಗೆ 50 ವರ್ಷ, ಕೈಬರಹಕ್ಕೆ 75 ವರ್ಷ, ಕಲ್ಲು-ಕಂಚಿನ ವಿಗ್ರಹಕ್ಕೆ 100 ವರ್ಷ. ಈ ಮೂರೂ ಲೆಕ್ಕ ನಾನು ಕಲ್ತಿದ್ದು ಒಂದೇ ದಿನದಲ್ಲಿ, ಅದೂ ಒಂದು ಹಳೇ ಫಿಯೆಟ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು.

ನಮ್ಮ ಶಿವಮೊಗ್ಗ, ಭದ್ರಾವತಿ ಕಡೆ ಹಳೇ ಕಾರು ಸಾಕ್ಕಂಡಿರೋರು ಒಂದಿಷ್ಟು ಜನ ಇದಾರೆ. "ಸಾಕ್ಕಂಡಿರೋರು" ಅಂತ ಬೇಕಂತಲೇ ಬರೆದೆ, ಯಾಕಂದ್ರೆ ಆಕಳಿಗಿಂತ ಹೆಚ್ಚು ಆರೈಕೆ ಅದಕ್ಕೆ. ನಮ್ಮ ಭಾವನೂ ಅವರಲ್ಲೊಬ್ರು. ಆಗಾಗ ಎಲ್ಲರೂ ಸೇರಿ ಕಾರು ತಗಂಡು ಎಲ್ಲಿಗಾದ್ರೂ ಹೋಗಿ ಬರ್ತಾರೆ. ಯಾವಾಗಲೂ ಜೋಗ, ಇಲ್ಲಾ ಆಗುಂಬೆ. ಈ ಚಳಿಗಾಲದಲ್ಲಿ ಯಾರಿಗೋ ಒಳ್ಳೆ ಬುದ್ಧಿ ಬಂದು, "ಬರೀ ಬಜ್ಜಿ ತಿಂದು ಬರೋದು ಬೇಡ, ನಮ್ಮ ಜಿಲ್ಲೆದೇ ಮ್ಯೂಸಿಯಂ ನೋಡ್ಕಂಡು ಬರೋಣ, ಮನೆಯವರನ್ನೂ ಕರ್ಕಂಡು ಬನ್ನಿ" ಅಂದ್ರಂತೆ. ಹಂಗಾಗಿ ಒಂದು ಶನಿವಾರ ಏಳು ಕಾರು ಹೊರಟ್ವು. ಎರಡು ಅಂಬಾಸಿಡರ್, ಮೂರು ಫಿಯೆಟ್, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ವಿಲ್ಲಿಸ್ ಜೀಪು. ರವೀಂದ್ರನಗರದ ಗಣಪತಿ ಗುಡಿಯಲ್ಲಿ ಕೈ ಮುಗಿದು ನಾವೂ ಹತ್ತಿದ್ವಿ.

ಮೊದಲು ಕಾರಿನ ಲೆಕ್ಕ ಹೇಳಿಬಿಡ್ತೀನಿ. 2021ರಲ್ಲಿ ಕೇಂದ್ರ ಸರ್ಕಾರ ಹಳೇ ಗಾಡಿಗಳಿಗೆ ಅಂತಲೇ ನಿಯಮ ತಂತು. ಎರಡು ಚಕ್ರದ್ದೋ ನಾಲ್ಕು ಚಕ್ರದ್ದೋ, ಮೊದಲು ನೋಂದಣಿ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪ ಬದಲಾಯಿಸಿರಬಾರದು. ಅಂಥದಕ್ಕೆ "ವಿಂಟೇಜ್" ಅಂತ ಬೇರೆ ನೋಂದಣಿ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಪಕ್ಕ "ವಿಎ" ಅಂತ ಬರುತ್ತೆ. ಹೊಸದಾಗಿ ಮಾಡ್ಸಕ್ಕೆ 20,000 ರೂಪಾಯಿ, 10 ವರ್ಷ ನಡೆಯುತ್ತೆ, ಆಮೇಲೆ ಮತ್ತೆ ಮಾಡ್ಸಕ್ಕೆ 5,000. ನಂಗೆ ತಮಾಷೆ ಅನ್ಸಿದ್ದು ಇನ್ನೊಂದು ಮಾತು: ಹಿಂಗೆ ನೋಂದಾಯಿಸಿದ ಕಾರನ್ನ ದಿನಾ ಓಡಿಸೋ ಹಂಗಿಲ್ಲ. ತರಕಾರಿ ತರಕ್ಕೆ, ಮಕ್ಕಳನ್ನ ಸ್ಕೂಲಿಗೆ ಬಿಡಕ್ಕೆ ಆಗಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಸಂಶೋಧನೆಗೆ, ಪೆಟ್ರೋಲು ಹಾಕ್ಸಕ್ಕೆ, ರಿಪೇರಿಗೆ ಮಾತ್ರ ರಸ್ತೆಗೆ ಇಳೀಬಹುದು. ಅಂದ್ರೆ ಕಾರು ವಯಸ್ಸಾದ ಹಿರಿಯರ ಹಂಗೆ. ದುಡಿಮೆ ಮುಗೀತು, ಇನ್ನು ಮದುವೆ-ಮುಂಜಿಗೆ ಮಾತ್ರ ಹೊರಗೆ.

ಭಾವನ ಫಿಯೆಟ್ 1968ರದ್ದು. ಮುಂಬೈನಲ್ಲಿ ಪ್ರೀಮಿಯರ್ ಕಂಪನಿ ಇಟಲಿಯ ಫಿಯೆಟ್ ನಮೂನೆಯಲ್ಲಿ ಮಾಡಿದ್ದು. ಮುಂದೆ ಇದೇ ಸಂತತಿ "ಪದ್ಮಿನಿ" ಅಂತ ಹೆಸರಾಯ್ತು. ಗೇರು ಸ್ಟೇರಿಂಗ್ ಪಕ್ಕದಲ್ಲೇ ಇರುತ್ತೆ, ಮುಂದಿನ ಸೀಟು ಬೆಂಚಿನ ಹಂಗೆ ಉದ್ದಕ್ಕೆ. ಆಗ ಕಾರು ಬೇಕಂದ್ರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ದೇಶದಲ್ಲಿ ಹೆಚ್ಚುಕಮ್ಮಿ ಮೂರೇ ಜಾತಿ ಕಾರು: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರ ತನಕ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗ್ತಾ ಇತ್ತು ಅಂದ್ರೆ ನೋಡಿ. ಮಲೆನಾಡಲ್ಲಿ ಆವಾಗ ಕಾರು ಇದ್ದ ಮನೆ ಅಂದ್ರೆ ಸಾಹುಕಾರರ ಮನೆ, ಡಾಕ್ಟರ ಮನೆ, ಇಲ್ಲಾ ಟ್ಯಾಕ್ಸಿಯವರ ಮನೆ. ಹೆರಿಗೆ ನೋವು ಬಂದ್ರೆ ಊರಿಗೆಲ್ಲ ಒಂದೇ ಕಾರು. ಹಂಗಾಗಿ ಈ ಕಾರುಗಳಲ್ಲಿ ಎಷ್ಟು ಜನ ಹುಟ್ಟಿದಾರೋ ಲೆಕ್ಕ ಇಟ್ಟವರು ಯಾರೂ ಇಲ್ಲ.

ಮೊದಲನೇ ಜಾಗ ನಮ್ಮೂರಿನದೇ, ಕೋಟೆ ರಸ್ತೆಯ ಶಿವಪ್ಪನಾಯಕನ ಅರಮನೆ. ತುಂಗಾ ಹೊಳೆ ದಡ, ಹತ್ರದಲ್ಲೇ ಕೋಟೆ ಆಂಜನೇಯನ ಗುಡಿ. ಎಷ್ಟೋ ವರ್ಷದಿಂದ ಗುಡಿಗೆ ಹೋಗ್ತಾ ಬರ್ತಾ ಇದನ್ನ ಹೊರಗಿಂದ ನೋಡಿರೋರು ನಮ್ಮೂರಲ್ಲಿ ಸಾವಿರ ಜನ ಸಿಗ್ತಾರೆ, ಒಳಗೆ ಹೋದೋರು ಕಮ್ಮಿ. ಎರಡು ಅಂತಸ್ತು, ದಪ್ಪ ದಪ್ಪ ಮರದ ಕಂಬ, ತಂಪಾದ ದರ್ಬಾರ್ ಹಜಾರ. ಈಗ ರಾಜ್ಯ ಪುರಾತತ್ವ ಇಲಾಖೆಯ ಮ್ಯೂಸಿಯಂ.

ಹೆಸರು ಶಿವಪ್ಪನಾಯಕನದು. ಆತ ಕೆಳದಿ ಸಂಸ್ಥಾನ ಆಳಿದ್ದು 1645ರಿಂದ 1660ರ ತನಕ. ಆದ್ರೆ ಈಗ ಕಾಣೋ ಕಟ್ಟಡ ಅದಕ್ಕಿಂತ ಆಮೇಲಿನದು, 18ನೇ ಶತಮಾನದ ಹೈದರಾಲಿ ಕಾಲದ್ದಿರಬೇಕು ಅಂತ ತಿಳಿದವರು ಬರೆದಿದಾರೆ. ನಮ್ಮ ಜೊತೆ ಬಂದವರೊಬ್ರಿಗೆ ಇದು ಕೇಳಿ ಬೇಜಾರಾಯ್ತು. "ಹಂಗಾದ್ರೆ ಬೋರ್ಡು ಸುಳ್ಳಾ?" ಅಂದ್ರು. ನಂಗೆ ಹಂಗನ್ನಿಸಲಿಲ್ಲ. ಊರಿನ ಜನ ಶಿವಪ್ಪನಾಯಕನ ಹೆಸರನ್ನ ಬಿಡದೇ ಇರಕ್ಕೆ ಕಾರಣ ಇದೆ. ಮಲೆನಾಡಿನ ಜಮೀನನ್ನೆಲ್ಲ ಅಳೆಸಿ, ಮಣ್ಣಿನ ಗುಣ ನೋಡಿ ಐದು ತರ ಮಾಡಿ, ಒಂದೊಂದು ತರದ ಹೊಲದಲ್ಲಿ ಬೇಸಾಯ ಮಾಡಿಸಿ, ಬೀಜಕ್ಕೆಷ್ಟು, ಖರ್ಚೆಷ್ಟು, ಬೆಳೆ ಎಷ್ಟು ಅಂತ ಲೆಕ್ಕ ಹಿಡಿದು, ಆಮೇಲೆ ಬೆಳೆಯಲ್ಲಿ ಮೂರರಲ್ಲೊಂದು ಭಾಗ ಕಂದಾಯ ಅಂತ ಗೊತ್ತು ಮಾಡಿದ ರಾಜ ಆತ. ಅದಕ್ಕೇ "ಶಿವಪ್ಪನಾಯಕನ ಶಿಸ್ತು" ಅನ್ನೋ ಮಾತು ಉಳಿದಿರೋದು. ಮನೆ ಖರ್ಚಿನ ಪುಸ್ತಕ ಬರೆಯೋ ನನ್ನಂಥವಳಿಗೆ ಯುದ್ಧ ಗೆದ್ದ ರಾಜನಿಗಿಂತ ಲೆಕ್ಕ ಬರೆದ ರಾಜನ ಮೇಲೆ ಗೌರವ ಜಾಸ್ತಿ.

ಅಂಗಳದಲ್ಲಿ ಸಾಲಾಗಿ ಕಲ್ಲು ನಿಲ್ಲಿಸಿದಾರೆ. ವೀರಗಲ್ಲು, ಮಾಸ್ತಿಕಲ್ಲು, ಶಾಸನದ ಕಲ್ಲು. ವೀರಗಲ್ಲನ್ನ ಕೆಳಗಿಂದ ಮೇಲೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ಎಷ್ಟೋ ಸಲ ದನ ಹೊಡ್ಕಂಡು ಹೋಗೋರ ಜೊತೆ ಹೊಡೆದಾಟ. ನಡುವಿನದರಲ್ಲಿ ಸತ್ತ ವೀರನನ್ನ ಅಪ್ಸರೆಯರು ಕರ್ಕಂಡು ಹೋಗ್ತಾರೆ. ಮೇಲಿನದರಲ್ಲಿ ಆತ ಶಿವನ ಮುಂದೆ ಕೂತಿರ್ತಾನೆ, ನೆತ್ತಿ ಮೇಲೆ ಸೂರ್ಯ ಚಂದ್ರ. ಅವೆರಡೂ ಇರೋ ತನಕ ಈ ಹೆಸರು ಇರಲಿ ಅಂತ. ಮಾಸ್ತಿಕಲ್ಲಿನಲ್ಲಿ ಮಾತ್ರ ಒಂದು ಕಂಬ, ಅದರಿಂದ ಎದ್ದ ಒಂದು ಕೈ. ಕೈ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಗಂಡನ ಚಿತೆ ಏರಿದ ಹೆಂಗಸಿನ ಗುರುತು ಅದು. ಗಂಡಸಿಗೆ ಕತ್ತಿ, ಕುದುರೆ, ದನ, ಸ್ವರ್ಗ ಎಲ್ಲ ಕೆತ್ತಿದಾರೆ. ಹೆಂಗಸಿಗೆ ಎಷ್ಟೋ ಕಲ್ಲಲ್ಲಿ ಬರೀ ಒಂದು ಕೈ. ನನ್ನ ಓರಗಿತ್ತಿ ತನ್ನ ಕೈ ಬಳೆ ಹಿಂದೆ ಸರಿಸ್ಕಂಡು ಸುಮ್ಮನೆ ನಿಂತ್ಕಂಡ್ಲು. ನಾನೂ ಎಂತ ಮಾತಾಡಲಿಲ್ಲ.

ಇಂಥ ಕಲ್ಲು ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಇದಾವೆ, ಗದ್ದೆ ಬದುವಿನಲ್ಲಿ, ಕೆರೆ ಏರಿ ಮೇಲೆ. ಕೆಲವು ಕಡೆ ಎಣ್ಣೆ ಹಚ್ಚಿ ಪೂಜೆ ಮಾಡ್ತಾರೆ. ಕೆಲವು ಕಡೆ ಅದರ ಮೇಲೇ ಬಟ್ಟೆ ಒಗೀತಾರೆ, ಕಾಲುವೆ ದಾಟಕ್ಕೆ ಹಾಸ್ತಾರೆ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಶಾಸನ, ನಾಣ್ಯ ಎಲ್ಲ ಪುರಾತನ ವಸ್ತು. ಕೈಬರಹ, ದಾಖಲೆಪತ್ರಕ್ಕೆ ಚರಿತ್ರೆಯದ್ದೋ ಸಾಹಿತ್ಯದ್ದೋ ಬೆಲೆ ಇದ್ರೆ 75 ವರ್ಷ ಸಾಕು. ಕಲ್ಲಿಗಿಂತ ಹಾಳೆಗೆ 25 ವರ್ಷ ರಿಯಾಯಿತಿ ಯಾಕೆ ಅಂತ ಭಾವ ಕೇಳಿದ್ರು. ಮಲೆನಾಡಿನ ಮಳೆಗಾಲ ಒಂದು ಕಳೆದವರಿಗೆ ಉತ್ತರ ಗೊತ್ತು. ಕಲ್ಲನ್ನ ಗೆದ್ದಲು ತಿನ್ನಲ್ಲ.

ಅಲ್ಲಿಂದ ಹೊರಟು ಆಯನೂರಿನ ತನಕ ಸಾಗರದ ರಸ್ತೆ, ಆಮೇಲೆ ಎಡಕ್ಕೆ ರಿಪ್ಪನ್‌ಪೇಟೆ ಕಡೆ ತಿರುಗಿ ಅರಸಾಳು. ಹಳೇ ಕಾರು ಅಂದ್ರೆ ಗಂಟೆಗೆ ನಲವತ್ತು-ಐವತ್ತರ ಮೇಲೆ ಹೋಗಲ್ಲ, ಹೋಗಕ್ಕೂ ಬಿಡಲ್ಲ. ಹೆರಾಲ್ಡ್ ಒಂದು ಕಡೆ ಬಿಸಿಯಾಗಿ ನಿಂತು, ಬಾನೆಟ್ ಎತ್ತಿ, ನಾವು ಕುಡಿಯಕ್ಕೆ ತಂದ ನೀರನ್ನ ಅದಕ್ಕೆ ಕುಡಿಸಿ ಮುಂದೆ ಹೋದ್ವಿ.

ಅರಸಾಳಲ್ಲಿ ಇರೋದು ಒಂದು ಪುಟ್ಟ ರೈಲ್ವೆ ಸ್ಟೇಷನ್. ಬೀರೂರಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಅಲ್ಲಿಂದ ಕಾಡು ಕಡಿದು ಹಳಿ ಹಾಕ್ತಾ ಹಾಕ್ತಾ ತಾಳಗುಪ್ಪ ಮುಟ್ಟಕ್ಕೆ 1940 ಆಯ್ತು. ಆ ಮೀಟರ್ ಗೇಜ್ ಹಳಿಯ ಮೇಲೆ ಕೊನೆ ಕೊನೆಗೆ ಒಂದು "ರೈಲ್ ಬಸ್ಸು" ಓಡ್ತಿತ್ತು, ಬಸ್ಸಿನ ಮೈ, ರೈಲಿನ ಚಕ್ರ. ಅದರಲ್ಲಿ ಓಡಾಡಿದವರಿಗೆ ನೆನಪಿರುತ್ತೆ, ಎಲ್ಲರೂ ಕಿಟಕಿಗೆ ಮುಖ ಒಡ್ಡಿ ಕಾಡು ನೋಡ್ತಾ ಕೂತಿರ್ತಿದ್ರು. 2011ರ ಹೊತ್ತಿಗೆ ಬ್ರಾಡ್ ಗೇಜ್ ಆದಮೇಲೆ ಹಳೇ ಸ್ಟೇಷನ್ ಕಟ್ಟಡ ಯಾರಿಗೂ ಬೇಡದ್ದಾಯ್ತು. ಇಂಥ ಹಂಚಿನ ಕಟ್ಟಡ ನಮ್ಮ ಕಡೆ ಎಷ್ಟು ಬಿದ್ದುಹೋಗಿಲ್ಲ? ಇದು ಮಾತ್ರ ಉಳೀತು, ಅದಕ್ಕೆ ಕಾರಣ ಒಂದು ಧಾರಾವಾಹಿ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನ ಶಂಕರ್ ನಾಗ್ ದೂರದರ್ಶನಕ್ಕೆ "ಮಾಲ್ಗುಡಿ ಡೇಸ್" ಅಂತ ತೆಗೆದಾಗ, 1980ರ ದಶಕದಲ್ಲಿ, ಮಾಲ್ಗುಡಿ ಸ್ಟೇಷನ್ ಆಗಿದ್ದು ಇದೇ ಅರಸಾಳು. ಊರು, ಮನೆ ಎಲ್ಲ ಹೆಚ್ಚಾಗಿ ಆಗುಂಬೆ. 2020ರಲ್ಲಿ ರೈಲ್ವೆಯವರು ಇದನ್ನ ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ರು. ಆ ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಇದನ್ನೂ ರೂಪಿಸಿದ್ದು. ಒಂದು ಹಳೇ ರೈಲು ಬೋಗಿಯನ್ನ ಚಹಾದಂಗಡಿ ಮಾಡಿದಾರೆ.

ಯೋಚನೆ ಮಾಡಿ ನೋಡಿ. ಇಲ್ಲದ ಊರೊಂದು ಇರೋ ಊರಿನ ಸ್ಟೇಷನ್ನನ್ನ ಉಳಿಸ್ತು. ಕಾಡು ಕಡಿದ ಕೂಲಿಗಳು, ಸ್ಲೀಪರ್ ಹೊತ್ತವರು, ರಾತ್ರಿ ಪಾಳಿಯಲ್ಲಿ ಲಾಟೀನು ಹಿಡಿದು ನಿಂತ ಪಾಯಿಂಟ್ಸ್‌ಮನ್ ಇವರಿಗೋಸ್ಕರ ಈ ಕಟ್ಟಡ ಉಳೀಲಿಲ್ಲ. ಸ್ವಾಮಿ ಅನ್ನೋ ಕಥೆಯ ಹುಡುಗನಿಗೋಸ್ಕರ ಉಳೀತು. ಬೇಜಾರು ಮಾಡ್ಕಳಕ್ಕೆ ಏನೂ ಇಲ್ಲ, ಹೆಂಗೋ ಉಳೀತಲ್ಲ ಅನ್ನೋದೇ ಸಮಾಧಾನ. ಆದ್ರೆ ಕಥೆ ಸಿಕ್ಕಿದ್ದು ಉಳಿಯುತ್ತೆ, ಕಥೆ ಸಿಗದೇ ಇದ್ದಿದ್ದು ಗುಜರಿಗೆ ಹೋಗುತ್ತೆ ಅನ್ನೋದು ಅವತ್ತು ನನ್ನ ಮನಸ್ಸಲ್ಲಿ ಕೂತ್ಕಂತು.

ಅಲ್ಲೇ ಹತ್ರ ಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ವಿ. ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಅಂಬಾಸಿಡರಿನಲ್ಲಿ ಬಂದಿದ್ದ ಭದ್ರಾವತಿಯ ಹಿರಿಯರೊಬ್ರು ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಊಟ ಮಾಡ್ತಾ ಅವರು ಹೇಳಿದ ಮಾತು: "ನಿಮ್ಮ ಅರಮನೆಗೆ ಮ್ಯೂಸಿಯಂ ಆಯ್ತು, ಸೀರಿಯಲ್ಲಿಗೂ ಮ್ಯೂಸಿಯಂ ಆಯ್ತು ಕಣಮ್ಮ. ಬೆಂಕಿಪುರದ ಕಥೆ ಯಾರು ಹೇಳ್ತಾರೆ?"

ಬೆಂಕಿಪುರ ಅಂದ್ರೆ ಭದ್ರಾವತಿಯ ಹಳೇ ಹೆಸರು. ಹೆಸರಿಗೆ ತಕ್ಕಂಗೆ ಅಲ್ಲಿ ಬೆಂಕಿ ಹಚ್ಚಿದವರು ವಿಶ್ವೇಶ್ವರಯ್ಯನವರು. 1918ರಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಶುರು ಮಾಡಿ, 1923ರಲ್ಲಿ ಕಬ್ಬಿಣ ಹೊರಬಂತು. ಕೆಮ್ಮಣ್ಣುಗುಂಡಿ ಬೆಟ್ಟದಿಂದ ಅದಿರು ರೋಪ್‌ವೇ ತೊಟ್ಟಿಲಲ್ಲಿ ಕೆಳಗೆ ಇಳೀತಿತ್ತು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲ, ಇದ್ದಿದ್ದು ಕಾಡು. ಹಂಗಾಗಿ ಮರ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಲ್ಲೇ ಕಬ್ಬಿಣ ಕರಗಿಸ್ತಿದ್ರು. ಮರ ಸುಡುವಾಗ ಬರೋ ಹೊಗೆಯಿಂದ ಟಾರು, ಆಸಿಡ್ಡು, ಸ್ಪಿರಿಟ್ಟು ತೆಗೀತಿದ್ರು, ಏನೂ ಹಾಳು ಮಾಡ್ತಿರಲಿಲ್ಲ. ಜೋಗದ ಕರೆಂಟು ಬಂದಮೇಲೆ ಕರೆಂಟಿನ ಕುಲುಮೆ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಆದಾಗ ನಮ್ಮ ಮೈಸೂರು ಸೀಮೆಯ ಬಸ್ಸುಗಳೂ ಇದ್ದಿಲಿನ ಗ್ಯಾಸಿನಲ್ಲೇ ಓಡಿದ್ವು. ಬಸ್ಸಿಗೆ ಹಂಡೆಯಂಥ ಒಂದು ಒಲೆ ಕಟ್ಟಿ, ಇದ್ದಿಲು ಹೊತ್ತಿಸಿ, ಗ್ಯಾಸು ಬರೋ ತನಕ ಕಾದು, ಆಮೇಲೆ ಹೊರಡೋದು. ಘಾಟಿ ಹತ್ತುವಾಗ ಜನ ಇಳಿದು ತಳ್ಳಬೇಕಿತ್ತು.

ಆ ಹಿರಿಯರ ಸಂಕಟ ಅರ್ಥ ಆಗುತ್ತೆ. 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಎಂಪಿಎಂ, ನಿಂತು ಹತ್ತು ವರ್ಷದ ಹತ್ರ ಆಯ್ತು. ಕಬ್ಬಿಣದ ಕಾರ್ಖಾನೆ ಮುಚ್ಚೋದು ಅಂತ 2023ರ ಜನವರಿಯಲ್ಲಿ ಸೈಲ್ ತೀರ್ಮಾನ ಮಾಡಿ, ಕೆಲಸಗಾರರು ಧರಣಿ ಕೂತು, ಅದೇ ವರ್ಷ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಚಾಲೂ ಆಯ್ತು. ಇಂಥ ಹೊತ್ತಲ್ಲಿ ಆ ಊರಿನ ಮನೆ ಮನೆಯ ಟ್ರಂಕಿನಲ್ಲಿ ಏನೇನಿರುತ್ತೆ ಅಂತ ಯೋಚಿಸಿ. ಅಪ್ಪನ ಗೇಟ್ ಪಾಸು, ಸಂಬಳದ ಚೀಟಿ, ಕ್ವಾರ್ಟರ್ಸ್ ಆರ್ಡರು, ಯೂನಿಯನ್ ರಶೀದಿ. ಯಾವ ಅರಮನೆಯಲ್ಲೂ ಅದು ಸಿಗಲ್ಲ. ಮನೆ ಖಾಲಿ ಮಾಡುವಾಗ ಅದನ್ನ ಒಲೆಗೆ ಹಾಕ್ತಾರೋ, ಕಟ್ಟಿ ಇಡ್ತಾರೋ ಅನ್ನೋದು ಆ ಮನೆ ಹೆಂಗಸಿನ ಕೈಲಿದೆ.

ರಿಪ್ಪನ್‌ಪೇಟೆ, ಆನಂದಪುರ ದಾಟಿ ಸಾಗರಕ್ಕೆ ಹೋಗಿ, ಅಲ್ಲಿಂದ ಕೆಳದಿ ಮುಟ್ಟೋ ಹೊತ್ತಿಗೆ ಬಿಸಿಲು ಇಳೀತಿತ್ತು. ಕೆಳದಿ ಈಗ ಸಣ್ಣ ಹಳ್ಳಿ. ಒಂದು ಕಾಲದಲ್ಲಿ ಇದೇ ನಾಯಕರ ಮೊದಲ ರಾಜಧಾನಿ. 1500ರ ಆಸುಪಾಸಿನಲ್ಲಿ ಇಲ್ಲಿ ಶುರುವಾಗಿ, ಇಕ್ಕೇರಿಗೆ ಹೋಗಿ, ಬಿದನೂರಿಗೆ ಹೋಗಿ, 1763ರಲ್ಲಿ ಹೈದರಾಲಿ ಬಿದನೂರು ಹಿಡಿದಮೇಲೆ ಮುಗೀತು. ಮಧ್ಯೆ ಚೆನ್ನಮ್ಮಾಜಿ 25 ವರ್ಷದ ಹತ್ರ ಆಳಿದ್ಲು. ಶಿವಾಜಿ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸ್ಕಂಡು ಜಿಂಜಿಗೆ ಹೋಗುವಾಗ ಅವನಿಗೆ ಆಸರೆ ಕೊಟ್ಟು, ಬೆನ್ನು ಹತ್ತಿ ಬಂದ ಮೊಗಲರ ಸೈನ್ಯಕ್ಕೆ ಎದುರು ನಿಂತವಳು. ಬೆಳಿಗ್ಗೆ ನೋಡಿದ ಮಾಸ್ತಿಕಲ್ಲಿನ ಕೈಗೂ ಈಕೆ ಕೈಗೂ ನಡುವೆ ಎಷ್ಟು ದೂರ ಅನ್ನಿಸ್ತು. ಇವಳೂ ಗಂಡನನ್ನ ಕಳ್ಕಂಡವಳೇ.

ರಾಮೇಶ್ವರ ದೇವಸ್ಥಾನದ ಛತ್ತಿನಲ್ಲಿ ಗಂಡಭೇರುಂಡ ನೋಡಿ ಮ್ಯೂಸಿಯಂಗೆ ಬಂದ್ವಿ. ಇದು ರಾಜರು ಮಾಡಿದ್ದಲ್ಲ, ಇದನ್ನ ಕಟ್ಟಿ ಬೆಳೆಸಿದ್ದು ಇದೇ ಊರಿನ ಕೆಳದಿ ಗುಂಡಾ ಜೋಯಿಸರು. ಸುತ್ತಮುತ್ತಲ ಮನೆಗಳ ಅಟ್ಟ ಹುಡುಕಿ, ಜಗುಲಿ ಜಗುಲಿಗೆ ಹೋಗಿ ಕೇಳಿ, ಓಲೆಗರಿ, ಕಡತ, ನಾಣ್ಯ, ಆಯುಧ ಎಲ್ಲ ಕೂಡಿಸಿದ್ರು. ಹಳೇ ಲಿಪಿಗಳನ್ನ ಕಲಿತು ಓದಿದ್ರು, ಕೆಳದಿ ಬಗ್ಗೆ ಪುಸ್ತಕಗಳನ್ನ ಬರೆದ್ರು. ಆಮೇಲೆ ಮ್ಯೂಸಿಯಂ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು.

ನಂಗೆ ಅಲ್ಲಿ ಕತ್ತಿ-ಗುರಾಣಿಗಿಂತ ಕಣ್ಣು ಹೋಗಿದ್ದು ಕಡತದ ಮೇಲೆ. ಕಡತ ಅಂದ್ರೆ ಬಟ್ಟೆಯ ಪುಸ್ತಕ. ಹುಣಸೆಬೀಜವನ್ನ ಅರೆದು ಅಂಟು ಮಾಡಿ, ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಬೀಸಣಿಗೆ ಹಂಗೆ ಮಡಿಸ್ತಾರೆ. ಕಪ್ಪು ಹಲಗೆಯಂತಾಗುತ್ತೆ. ಅದರ ಮೇಲೆ ಬಳಪದಲ್ಲಿ ಬರಹ. ಬೇಡ ಅಂದ್ರೆ ಒರೆಸಿ ಮತ್ತೆ ಬರೀಬಹುದು. ಓಲೆಗರಿದು ಇನ್ನೊಂದು ರೀತಿ. ತಾಳೆಗರಿಯನ್ನ ಹದ ಮಾಡಿ, ಕಂಠ ಅನ್ನೋ ಕಬ್ಬಿಣದ ಮೊನೆಯಲ್ಲಿ ಗೀರಿ ಬರೆದು, ಮೇಲೆ ದೀಪದ ಕಾಡಿಗೆ ಎಣ್ಣೆಯಲ್ಲಿ ಕಲಸಿ ಒರೆಸೋದು. ಗೀರಿದ ಜಾಗದಲ್ಲಿ ಕಪ್ಪು ನಿಲ್ಲುತ್ತೆ, ಉಳಿದಿದ್ದು ಹೋಗುತ್ತೆ. ಹುಣಸೆಬೀಜ, ಇದ್ದಿಲು, ಕಾಡಿಗೆ, ಎಣ್ಣೆ, ಹಳೇ ಬಟ್ಟೆ, ಎಲ್ಲ ಅಡುಗೆಮನೆ ಸಾಮಾನೇ ಅಲ್ವಾ? ಬರೆದವರ ಹೆಸರು ಗರಿಯ ಕೊನೆಯಲ್ಲಿ ಇರಬಹುದು. ಬೀಜ ಹುರಿದು ಅರೆದವಳ ಹೆಸರು ಎಲ್ಲೂ ಇಲ್ಲ.

ಇಂಥ ಓಲೆಗಳು ಎಷ್ಟೋ ಮನೆಗಳಲ್ಲಿ ಇದ್ವು. ಓದಕ್ಕೆ ಬರೋರು ಇಲ್ಲದ ಮೇಲೆ ಕೆಲವರು ದೇವರ ಜೊತೆ ಇಟ್ಟು ಆಯುಧಪೂಜೆಗೆ ಅರಿಶಿನ-ಕುಂಕುಮ ಹಾಕಿದ್ರು, ಕೆಲವರು ಭಕ್ತಿಯಿಂದಲೇ ಹೊಳೆಗೆ ಬಿಟ್ರು. ಹೊಳೆಗೆ ಬಿಟ್ಟಿದ್ದರಲ್ಲಿ ಏನಿತ್ತು ಅಂತ ಈಗ ಯಾರಿಗೂ ಹೇಳಕ್ಕಾಗಲ್ಲ. ಉಳಿದಿದ್ದು ಜೋಯಿಸರಂಥವರು ಬಾಗಿಲಿಗೆ ಬಂದಾಗ "ಇದೆ, ಅಟ್ಟದಲ್ಲಿ ಇದೆ, ತಡೀರಿ" ಅಂತ ಒಳಗಿಂದ ಯಾರೋ ಹೇಳಿದ್ದಕ್ಕೆ.

ವಾಪಸ್ ಬರುವಾಗ ಕಾರಿನಲ್ಲಿ ನಮ್ಮದೇ ಅಟ್ಟದ ಮಾತು ಬಂತು. ತೀರ್ಥಹಳ್ಳಿ ಕಡೆ ನಮ್ಮ ಹಿರಿಯರ ಮನೆ ಇದೆ. ಮಳೆ ಹಿಡಿಯೋದರೊಳಗೆ ಅದರ ಮಾಡು ಇಳಿಸಿ ಹೊಸದು ಮಾಡ್ಸಬೇಕು. ಅಟ್ಟದಲ್ಲಿ ಒಂದು ಹಲಸಿನ ಮರದ ಪೆಟ್ಟಿಗೆ ತುಂಬ ಹಳೇ ಲೆಕ್ಕದ ಪುಸ್ತಕ, ಕಾಗದ. ನಮ್ಮನೆಯವರೂ ಭಾವನೂ ಮೊದಲೇ ತೀರ್ಮಾನ ಮಾಡಿದ್ರು, ಪೆಟ್ಟಿಗೆ ಇಟ್ಕಳೋದು, ಒಳಗಿನ ಕಸ ಗುಜರಿಗೆ.

ನಾನು ಹಿಂದಿನ ಸೀಟಿಂದ ಕೇಳಿದೆ. "ಭಾವ, ಈ ಕಾರಿನ ಕಿಟಕಿ ಹಿಡಿ ಮುರಿದಾಗ ನೀವು ಎಲ್ಲಿ ತನಕ ಹೋಗಿದ್ರಿ?"

"ಬೆಂಗಳೂರಿಗೆ. ಶಿವಾಜಿನಗರದ ಗುಜರಿಯಲ್ಲಿ ಸಿಕ್ತು."

"ಎಷ್ಟು ಸಲ ಹೋದ್ರಿ?"

"ಮೂರು ಸಲ."

"ನಿಮ್ಮ ಅಜ್ಜನ ಕೈಬರಹ ಯಾವ ಗುಜರಿಯಲ್ಲಿ ಹುಡುಕ್ತೀರಿ?"

ಓರಗಿತ್ತಿ ನನ್ನ ಮೊಣಕೈ ಹಿಂಡಿದ್ಲು. ಭಾವ ಆನಂದಪುರ ಬರೋ ತನಕ ಮಾತಾಡಲಿಲ್ಲ. ಗೇರು ಬದಲಾಯಿಸೋ ಸದ್ದು ಮಾತ್ರ ಕೇಳ್ತಿತ್ತು. ಆಮೇಲೆ, "ಅದರಲ್ಲಿ ಎಂತ ಇರುತ್ತೆ ಮಾರಾಯ್ತಿ, ಬರೀ ಅಡಿಕೆ ಲೆಕ್ಕ" ಅಂದ್ರು. "ಶಿವಪ್ಪನಾಯಕ ಬರೆಸಿದ್ದೂ ಅಡಿಕೆ, ಭತ್ತದ ಲೆಕ್ಕವೇ" ಅಂದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕು, "ಸರಿ, ಪೆಟ್ಟಿಗೆ ಇಳಿಸಿ ಕೊಡ್ತೀನಿ, ನೀವೇ ನೋಡ್ಕಳಿ" ಅಂದ್ರು.

ಪೆಟ್ಟಿಗೆ ಬಂತು. ಅರ್ಧ ಗೆದ್ದಲಿನ ಪಾಲು. ಉಳಿದದ್ದನ್ನ ಹದಿನೈದು ದಿನ ನೆರಳಲ್ಲಿ ಹರಡಿ, ಮೆತ್ತಗಿನ ಬ್ರಷ್ಷಿನಲ್ಲಿ ಧೂಳು ತೆಗೆದೆ. ಅಡಿಕೆ ಎಷ್ಟು ಮಣ, ಯಾವ ಮಂಡಿಗೆ, ಯಾರಿಗೆ ಎಷ್ಟು ಕೂಲಿ ಅಂತಲೇ ಹೆಚ್ಚು. ನಡುನಡುವೆ ಬೇರೆ ಸಾಲು ಬರುತ್ತೆ. ಯುದ್ಧದ ಕಾಲದ ಒಂದು ಪುಸ್ತಕದಲ್ಲಿ "ಶಿವಮೊಗ್ಗೆಗೆ ಮೋಟಾರು ಚಾರ್ಜು" ಅಂತ ಇದೆ, ಅದರ ಕೆಳಗೆ "ಮೋಟಾರು ನಿಂತು ರಾತ್ರಿ ಛತ್ರದ ಖರ್ಚು". ಭಾವನಿಗೆ ಓದಿ ಹೇಳಿದೆ. ಇದ್ದಿಲು ಬಸ್ಸು ಇರಬೇಕು ಅಂತ ಅವರಿಗೆ ಖುಷಿಯೋ ಖುಷಿ. ಇನ್ನೊಂದು ಕಡೆ, "ಹೆರಿಗೆ ಬಾಬ್ತು, ಸೂಲಗಿತ್ತಿಗೆ ಸೀರೆ 1, ಅಕ್ಕಿ, ಕಾಯಿ". ಆ ಸಲ ಹುಟ್ಟಿದ್ದು ನಮ್ಮ ಮಾವನವರು, ತಿಂಗಳು ಸರಿಹೊಂದುತ್ತೆ. ಹೆತ್ತವಳ ಹೆಸರು ಬರೆದಿಲ್ಲ, ಸೂಲಗಿತ್ತಿ ಹೆಸರೂ ಇಲ್ಲ. ಅತ್ತೆಯವರನ್ನ ಕೇಳಿ ಎರಡೂ ಹೆಸರನ್ನ ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಆ ಪುಟದ ನಡುವೆ ಇಟ್ಟೆ.

ನಿಮ್ಮ ಮನೆಯಲ್ಲೂ ಇಂಥದ್ದು ಇದ್ರೆ, ನಾನು ಕೇಳಿ ತಿಳ್ಕಂಡು ಮಾಡಿದ್ದನ್ನ ಹೇಳ್ತೀನಿ. ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡ್ಸಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ, ಪಿನ್ನು ಹೊಡೀಬೇಡಿ. ಪಿನ್ನು ನಮ್ಮ ಮಳೆಗೆ ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತೆ. ನೀರು, ಅರಿಶಿನ, ಕುಂಕುಮ ತಾಗಿಸಬೇಡಿ. ಒಗೆದ ಕೋರಾ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಬಜೆ ಬೇರಿನ ಗಂಟು ಇಡಿ, ಹುಳ ಬರೋದು ಕಮ್ಮಿ ಆಗುತ್ತೆ. ಪೆಟ್ಟಿಗೆ ನೆಲಕ್ಕೂ ಗೋಡೆಗೂ ತಾಗದ ಹಂಗೆ ಇರಲಿ. ಫೋನಿನಲ್ಲಿ ಪುಟ ಪುಟ ಫೋಟೋ ತೆಗೆದಿಡಿ. ಯಾರದು, ಎಲ್ಲಿ ಸಿಕ್ತು ಅಂತ ಒಂದು ಚೀಟಿ ಬರೆದಿಡಿ, ನಾಳೆ ನೋಡೋರಿಗೆ ಅದೇ ದಾರಿ. ಓಲೆಗರಿ, ಕಡತ ಸಿಕ್ಕಿದ್ರೆ ನೀವೇ ಬಿಡಿಸಕ್ಕೆ ಹೋಗಬೇಡಿ, ಗರಿ ಮುರಿಯುತ್ತೆ. ಹತ್ರದ ಮ್ಯೂಸಿಯಂನವರನ್ನೋ ವಿಶ್ವವಿದ್ಯಾಲಯದವರನ್ನೋ ಕೇಳಿ.

ನಮ್ಮ ಪುಸ್ತಕಗಳಲ್ಲಿ ಕೆಲವು 75 ವರ್ಷ ದಾಟಿವೆ, ಕೆಲವು ಇನ್ನೂ ದಾಟಿಲ್ಲ. ಎಲ್ಲವನ್ನೂ ಒಂದೇ ಗಂಟಲ್ಲಿ ಕಟ್ಟಿದೀನಿ. ಈಗ ಅದು ನಮ್ಮ ಮಲಗೋ ಕೋಣೆಯ ಬೀರು ಮೇಲಿದೆ. ಮಳೆಗಾಲ ಮುಗಿದು ಬಿಸಿಲು ಬಿದ್ದ ಕೂಡಲೇ ಬಿಚ್ಚಿ ಗಾಳಿಗೆ ಹಾಕ್ಬೇಕು. ಭಾವ ಆ ದಿನ ತಾವೂ ಬರ್ತೀನಿ ಅಂದಿದಾರೆ, ಮೋಟಾರು ಚಾರ್ಜಿನ ಪುಟ ಇನ್ನೂ ಎಷ್ಟಿದೆ ಅಂತ ನೋಡಕ್ಕೆ.